ಕಾಳು ನೋಡುವ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಭತ್ತ ಕಣದಿಂದ ಚೀಲಕ್ಕೆ, ಕಾಫಿ ಗಿಡದಿಂದ ಕಣಕ್ಕೆ ಬರುವ ಹೊತ್ತಿದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಣಮಟ್ಟ ಅಳೆಯುವ ಯಂತ್ರಗಳ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಭತ್ತವನ್ನು ಕ್ಯಾಮೆರಾ ಯಂತ್ರದಲ್ಲಿ ನೋಡಿ, ಅರೆಬಲಿತ ಕಾಳು ಶೇ 6 ಇದೆ ಎಂದು ವಾಪಸ್ ಕಳಿಸಿದರು. ಮನೆಗೆ ತಂದು ಕೈಯಲ್ಲಿ ಆರಿಸಿ ತೂಗಿದರೆ ಶೇ 3ರ ಆಸುಪಾಸು. ಯಾರ ಲೆಕ್ಕ ಸರಿ?
— ಭತ್ತದ ಬೆಳೆಗಾರರು, ಬಾಳೆಲೆ

ಇಬ್ಬರದ್ದೂ ಸರಿ ಇರಬಹುದು. ಯಂತ್ರ ಎಣಿಸಿದೆ, ನೀವು ತೂಗಿದ್ದೀರಿ.

ಸರ್ಕಾರಿ ಖರೀದಿಯ ಮಾನದಂಡದಲ್ಲಿ ಭತ್ತಕ್ಕೆ ಹಾಕಿರುವ ಮಿತಿಗಳೆಲ್ಲ ತೂಕದ ಲೆಕ್ಕದವು. ಕಲ್ಲು-ಮಣ್ಣು ಶೇ 1, ಕಸಕಡ್ಡಿ ಶೇ 1, ಹಾಳಾದ, ಬಣ್ಣಗೆಟ್ಟ, ಮೊಳೆತ, ಹುಳುಕು ಕಾಳು ಒಟ್ಟು ಶೇ 5, ಅರೆಬಲಿತ ಮತ್ತು ಮುರುಟಿದ ಕಾಳು ಶೇ 3, ಕೆಳದರ್ಜೆ ತಳಿಯ ಬೆರಕೆ ಶೇ 6, ತೇವಾಂಶ ಶೇ 17. ಕ್ಯಾಮೆರಾಗೆ ತೂಕ ಕಾಣುವುದಿಲ್ಲ, ಕಾಣುವುದು ಆಕಾರ ಮತ್ತು ಬಣ್ಣ. ಅರೆಬಲಿತ ಕಾಳು ಗಾತ್ರದಲ್ಲಿ ಗಟ್ಟಿಕಾಳಿಗಿಂತ ಅಷ್ಟೇನೂ ಚಿಕ್ಕದಲ್ಲ, ತೂಕದಲ್ಲಿ ಮಾತ್ರ ಅರ್ಧ. ಸಾವಿರ ಕಾಳಿನ ಸಾಂಪಲ್‌ನಲ್ಲಿ 60 ಅರೆಬಲಿತ ಎಂದುಕೊಳ್ಳಿ, ಒಂದೊಂದು 12 ಮಿಲಿಗ್ರಾಂ. ಉಳಿದ 940 ಗಟ್ಟಿ, ಒಂದೊಂದು 24 ಮಿಲಿಗ್ರಾಂ. ಎಣಿಕೆಯಲ್ಲಿ ಶೇ 6. ತೂಕದಲ್ಲಿ 720 ಮಿಲಿಗ್ರಾಂ ಭಾಗಿಸು 23,280, ಅಂದರೆ ಶೇ 3.1. ಒಳ್ಳೆಯ ಯಂತ್ರಗಳಲ್ಲಿ ಪ್ರತಿ ವರ್ಗದ ಕಾಳಿಗೂ ಒಂದು ತೂಕದ ಗುಣಕ ಹಾಕಿ ಎಣಿಕೆಯನ್ನು ತೂಕಕ್ಕೆ ತಿರುಗಿಸುವ ವ್ಯವಸ್ಥೆ ಇರುತ್ತದೆ. ಆ ಗುಣಕವನ್ನು ಹಾಕಿಲ್ಲದಿದ್ದರೆ, ಅಥವಾ ಬೇರೆ ತಳಿಯದ್ದನ್ನು ಹಾಕಿದ್ದರೆ, ನಿಮಗಾದದ್ದೇ ಆಗುತ್ತದೆ. ಆದ್ದರಿಂದ ವರದಿ ಕೈಗೆ ಬಂದೊಡನೆ ಮೊದಲು ಕೇಳಬೇಕಾದ ಮಾತು: ಈ ಶೇಕಡಾ ಎಣಿಕೆಯದೋ, ತೂಕದ್ದೋ?

ಹಾಗೆಂದು 3.1 ಕೂಡ 3ರ ಗೆರೆ ದಾಟಿದ್ದೇ. ಇಷ್ಟು ಕಡಿಮೆ ಅಂತರವಾದರೆ ವಾದ ಮಾಡುವುದಕ್ಕಿಂತ ಇನ್ನೊಂದು ಸುತ್ತು ತೂರಿಸುವುದು ಲಾಭ. ಹಗುರ ಕಾಳು ಗಾಳಿಗೆ ಹೋಗಿಬಿಡುತ್ತದೆ.

ಜಗಳದ ಬೇರು ಹಲವು ಸಲ ಯಂತ್ರದಲ್ಲಿ ಇರುವುದೇ ಇಲ್ಲ, ಯಂತ್ರಕ್ಕೆ ಸುರಿದ ಹಿಡಿಕಾಳಿನಲ್ಲಿರುತ್ತದೆ. ಚೀಲದ ಬಾಯಿ ಬಿಚ್ಚಿ ಮೇಲಿನಿಂದ ಒಂದು ಬೊಗಸೆ ತೆಗೆದರೆ ಅದು ಆ ಚೀಲದ ಪ್ರತಿನಿಧಿಯೂ ಅಲ್ಲ. ನಮ್ಮ ತಿರುವು ರಸ್ತೆಗಳಲ್ಲಿ ಲಾರಿ ಕುಲುಕಿದಾಗ ಸಣ್ಣ ಕಲ್ಲು, ಮಣ್ಣು ತಳಕ್ಕೆ ಇಳಿಯುತ್ತವೆ, ಹಗುರವಾದದ್ದು ಮೇಲೆ ಉಳಿಯುತ್ತದೆ. ಕ್ರಮ ಹೀಗಿರಲಿ: 10 ಚೀಲದವರೆಗೆ ಎಲ್ಲ ಚೀಲದಿಂದಲೂ, 10ರಿಂದ 100ರವರೆಗೆ ಆರಿಸದೆ ಸಿಕ್ಕ 10 ಚೀಲದಿಂದ, 100 ದಾಟಿದರೆ ಚೀಲಗಳ ಸಂಖ್ಯೆಯ ವರ್ಗಮೂಲದಷ್ಟು ಚೀಲದಿಂದ ಸಾಂಪಲ್ ತೆಗೆಯಬೇಕು. 225 ಚೀಲವಿದ್ದರೆ 15. ಪ್ರತಿ ಚೀಲಕ್ಕೂ ಸಾಂಪಲ್ ಕೊಳವೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಚುಚ್ಚಬೇಕು. ಬಂದದ್ದನ್ನೆಲ್ಲ ಒಂದೇ ಟಾರ್ಪಾಲಿನ ಮೇಲೆ ಬೆರೆಸಿ ಗುಡ್ಡೆ ಮಾಡಿ, ತಟ್ಟಿ ಚಪ್ಪಟೆಗೊಳಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಚೀಲಕ್ಕೆ ವಾಪಸ್ ಹಾಕಿ. ಬೇಕಾದಷ್ಟು ತೂಕಕ್ಕೆ ಇಳಿಯುವವರೆಗೆ ಇದೇ ಪುನರಾವರ್ತನೆ. ಕೊನೆಯಲ್ಲಿ ಕೈಯಿಂದ ‘ಸ್ವಲ್ಪ ತೆಗೆದು’ ತೂಕ ಸರಿಮಾಡಲು ಹೋಗಬಾರದು. ಬೆರಳಿಗೆ ದಪ್ಪ ಕಾಳೇ ಸಿಗುವುದು.

ಇನ್ನು ಎಷ್ಟು ಗ್ರಾಂ ನೋಡಿದರು ಎಂಬುದೂ ಮುಖ್ಯ. 20 ಗ್ರಾಂ ಭತ್ತದಲ್ಲಿ ಸುಮಾರು 900 ಕಾಳು. ನಿಜವಾಗಿ ಶೇ 1 ಹುಳುಕು ಇರುವ ರಾಶಿಯಿಂದ 900 ಕಾಳು ತೆಗೆದರೆ, ಯಾರ ತಪ್ಪೂ ಇಲ್ಲದೆ, ಉತ್ತರ ಶೇ 0.4ರಿಂದ 1.6ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 100 ಗ್ರಾಂ ನೋಡಿದರೆ ಆ ಅಲುಗಾಟ 0.7ರಿಂದ 1.3ಕ್ಕೆ ಇಳಿಯುತ್ತದೆ. ಹೀಗಾಗಿ 20 ಗ್ರಾಂನ ಒಂದೇ ಓಟದ (ಒಂದು ಸಲದ ಪರೀಕ್ಷೆಯ) ಮೇಲೆ ಲಾಟು ತಿರಸ್ಕರಿಸುವುದು ನ್ಯಾಯವಲ್ಲ. ಐದು ಓಟದ ಸರಾಸರಿ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ.

ಕ್ಯಾಮೆರಾ ಭತ್ತದಲ್ಲಿ ಸೋಲುವ ಇನ್ನೆರಡು ಜಾಗಗಳಿವೆ. ಪೂರ್ತಿ ಜೊಳ್ಳು ಮೇಲಿನಿಂದ ಗಟ್ಟಿಕಾಳಿನಂತೆಯೇ ಕಾಣುತ್ತದೆ. ಕೆಳಗಿನಿಂದ ಬೆಳಕು ಹಾಯಿಸುವ ತಟ್ಟೆ ಇರುವ ಯಂತ್ರದಲ್ಲಷ್ಟೇ ಅದು ಬಯಲಾಗುವುದು. ಹಾಗೆಯೇ ಹೊಟ್ಟಿನೊಳಗಿನ ಕೆಂಪಕ್ಕಿ. ಇಂಟಾನ್ ತಳಿಯ ರಾಶಿಯಲ್ಲಿ ಕೆಂಪು ಬೆರಕೆ ಎಷ್ಟಿದೆ ಎಂದು ತಿಳಿಯಬೇಕಾದರೆ ಸಾಂಪಲ್‌ನ ಹೊಟ್ಟು ಬಿಡಿಸಿಯೇ ನೋಡಬೇಕು.

ಪ್ರಶ್ನೆ: ಒಂದೇ ಭತ್ತ. ತೇವಾಂಶ ಮೀಟರ್ ಬೆಳಿಗ್ಗೆ 17.8 ತೋರಿಸುತ್ತದೆ, ಮಧ್ಯಾಹ್ನ 16.3. ಮೀಟರ್ ಕೆಟ್ಟಿದೆಯೇ?
— ಓದುಗರು, ಹುದಿಕೇರಿ

ಬಹುಶಃ ಇಲ್ಲ. ಕೈಯಲ್ಲಿ ಹಿಡಿಯುವ ಈ ಮೀಟರ್‌ಗಳಲ್ಲಿ ಬಹಳಷ್ಟು ನೀರನ್ನು ನೇರವಾಗಿ ಅಳೆಯುವುದಿಲ್ಲ. ಕಾಳಿನ ವಿದ್ಯುತ್ ಗುಣವನ್ನು ಅಳೆದು ಅದರಿಂದ ತೇವಾಂಶವನ್ನು ಊಹಿಸುತ್ತವೆ. ಮಂಜು ಬಿದ್ದ ಬೆಳಿಗ್ಗೆ ತಣ್ಣನೆಯ ಕಾಳಿನ ಮೈಮೇಲೆ ತೆಳುವಾಗಿ ನೀರು ಕೂತಿರುತ್ತದೆ. ಒಳಗೆ ಒಣಗಿದ್ದರೂ ಮೈ ಒದ್ದೆ, ಮೀಟರ್‌ಗೆ ಅಷ್ಟೇ ಸಾಕು. ತದ್ವಿರುದ್ಧವಾಗಿ, ಬಿಸಿಲಿನ ಕಣದಿಂದ ನೇರ ಮೀಟರ್‌ಗೆ ಸುರಿದ ಬಿಸಿ ಕಾಳೂ ಸರಿಯಾದ ಓದು ಕೊಡುವುದಿಲ್ಲ.

ಸಾಂಪಲ್ಲನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೀಟರ್ ಪಕ್ಕದಲ್ಲೇ ಅರ್ಧ ಗಂಟೆ ಇಡಿ, ಎರಡರ ಬಿಸಿಯೂ ಒಂದಾಗಲಿ. ಬೆಳೆಯ ಆಯ್ಕೆ ‘ಭತ್ತ’ ಎಂದೇ ಇದೆಯೇ ನೋಡಿ, ‘ಅಕ್ಕಿ’ಯ ಮೇಲೆ ಉಳಿದುಹೋಗಿರುವುದು ಮಾಮೂಲು. ಒಂದೇ ಎತ್ತರದಿಂದ, ತಟ್ಟದೆ ಅದುಮದೆ ಸುರಿದು ಮೂರು ಸಲ ಓದಿ ಸರಾಸರಿ ತೆಗೆಯಿರಿ. ವರ್ಷಕ್ಕೊಮ್ಮೆ, ಕೊಯ್ಲಿಗೆ ಮೊದಲು, ಓವನ್ ಪರೀಕ್ಷೆಗೆ ಹೋಲಿಸಿ: 5 ಗ್ರಾಂ ಪುಡಿ, 130 ಡಿಗ್ರಿ ಸೆಲ್ಸಿಯಸ್, 2 ಗಂಟೆ. ವ್ಯತ್ಯಾಸ ಎಲ್ಲ ಮಟ್ಟದಲ್ಲೂ ಒಂದೇ ಆಗಿದ್ದರೆ, ಉದಾಹರಣೆಗೆ ಯಾವಾಗಲೂ 0.6 ಹೆಚ್ಚು, ಮೀಟರ್‌ನಲ್ಲೇ ಸರಿಪಡಿಸಬಹುದು. ಒಣಗಿದ ಭತ್ತಕ್ಕೆ ಸರಿ ತೋರಿಸಿ ಹಸಿಗೆ ಮಾತ್ರ ತಪ್ಪಿದರೆ ಅದು ತಯಾರಕರಲ್ಲಿಗೆ ಹೋಗಬೇಕು.

ಪ್ರಶ್ನೆ: ನಮ್ಮ ರೈತರ ಗುಂಪಿನಿಂದ ಒಂದು ಕ್ಯಾಮೆರಾ ಯಂತ್ರ ಕೊಳ್ಳುವ ಆಲೋಚನೆ ಇದೆ. ಭತ್ತ, ಮುಸುಕಿನ ಜೋಳ, ರಾಗಿ ಮೂರಕ್ಕೂ ಒಂದೇ ಸಾಕೇ? ಮೊಬೈಲ್ ಆ್ಯಪ್‌ನಲ್ಲೇ ಮುಗಿಸಬಹುದೇ?
— ಗುಂಪಿನ ಕಾರ್ಯದರ್ಶಿ, ಶನಿವಾರಸಂತೆ

ಪೆಟ್ಟಿಗೆ ಒಂದೇ ಸಾಕು, ಅದರೊಳಗಿನ ‘ಕಲಿಕೆ’ ಮೂರು ಬೇಕು. ಭತ್ತದ ಚಿತ್ರಗಳಿಂದ ತರಬೇತಿ ಪಡೆದ ತಂತ್ರಾಂಶ ಜೋಳವನ್ನು ಕಂಡರೆ ಏನೋ ಒಂದು ಉತ್ತರ ಕೊಟ್ಟೇ ಕೊಡುತ್ತದೆ, ಗೊತ್ತಿಲ್ಲ ಎನ್ನುವ ಅಭ್ಯಾಸ ಅದಕ್ಕಿಲ್ಲ. ಮಾರುವವರನ್ನು ಬೆಳೆವಾರು ಕೇಳಿ. ಆಯಾ ಬೆಳೆಯಲ್ಲಿ ಯಾವ ಯಾವ ದೋಷಗಳನ್ನು ಬೇರೆಬೇರೆಯಾಗಿ ಹೇಳುತ್ತದೆ, ನಮ್ಮ ಕಡೆಯ ತಳಿಗಳನ್ನು ತೋರಿಸಿ ಕಲಿಸಿದ್ದಾರೆಯೇ, ಹೊಸ ತಳಿ ಬಂದರೆ ಕಲಿಸುವ ಖರ್ಚು ಯಾರದ್ದು.

ರಾಗಿಯಲ್ಲಿ ಕಷ್ಟ ಗಾತ್ರದ್ದು. ಕಾಳು ಸುಮಾರು ಒಂದೂವರೆ ಮಿ.ಮೀ. ಸಾಮಾನ್ಯ 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ಎ4 ಹಾಳೆಯಷ್ಟು ಜಾಗ ಸೆರೆಹಿಡಿದರೆ ಒಂದು ಮಿ.ಮೀ.ಗೆ 13 ಪಿಕ್ಸೆಲ್ ಬರುತ್ತದೆ. ಭತ್ತದ ಕಾಳು ಉದ್ದಕ್ಕೆ ನೂರಕ್ಕೂ ಹೆಚ್ಚು ಪಿಕ್ಸೆಲ್, ಪರವಾಗಿಲ್ಲ. ರಾಗಿ ಕಾಳು ಇಪ್ಪತ್ತೇ ಪಿಕ್ಸೆಲ್, ಅರ್ಧ ಮಿ.ಮೀ. ಮರಳಿನ ಕಣ ಆರೇಳು. ಅಷ್ಟರಲ್ಲಿ ಮರಳು ಯಾವುದು, ನುಚ್ಚುರಾಗಿ ಯಾವುದು ಎಂದು ಹೇಳಲಾಗದು. 600 ಡಿಪಿಐ (ಇಂಚಿಗೆ 600 ಚುಕ್ಕೆ) ಸ್ಕ್ಯಾನರ್ ಮಾದರಿಯ ಯಂತ್ರದಲ್ಲಿ ಮಿ.ಮೀ.ಗೆ ಸುಮಾರು 24 ಪಿಕ್ಸೆಲ್ ಸಿಗುತ್ತದೆ, ರಾಗಿಗೆ ಅದು ಕನಿಷ್ಠ. ಜೊತೆಗೆ ರಾಗಿಯನ್ನು ಒಮ್ಮೆಗೆ 5 ಗ್ರಾಂ ಮೀರಿ ಹರಡಬೇಡಿ. 20 ಗ್ರಾಂ ಎಂದರೆ ಆರೇಳು ಸಾವಿರ ಕಾಳು, ಒಂದರ ಮೇಲೊಂದು ಕೂತರೆ ಯಂತ್ರಕ್ಕೆ ಅಂಟಿದ ಎರಡು ಕಾಳು ಒಂದು ದೊಡ್ಡ ಕಾಳಾಗಿ ಕಾಣುತ್ತದೆ.

ಜೋಳದ್ದು ಇದಕ್ಕೆ ವಿರುದ್ಧದ ಸಮಸ್ಯೆ. ಸಾವಿರ ಕಾಳು ಸುಮಾರು ಕಾಲು ಕಿಲೋ. 100 ಗ್ರಾಂ ಹಾಕಿದರೆ 400 ಕಾಳು, ಅದರಲ್ಲಿ ಹುಳುಕಿನ ಮಿತಿ ಶೇ 1 ಎಂದರೆ ನಾಲ್ಕೇ ಕಾಳು. ಐದನೆಯದು ಸಿಕ್ಕಿತೋ, ಲಾಟು ಹೊರಗೆ. ಜೋಳಕ್ಕೆ ಕನಿಷ್ಠ 500 ಗ್ರಾಂ ನೋಡಲೇಬೇಕು. ಮೊಳಕೆಯ ಭಾಗ ಒಂದೇ ಮಗ್ಗುಲಲ್ಲಿ ಇರುವುದರಿಂದ ಬೂಷ್ಟು ಆ ಮಗ್ಗುಲಲ್ಲೇ ಮೊದಲು ಕಾಣಿಸುತ್ತದೆ. ಕಾಳು ಬೋರಲು ಬಿದ್ದರೆ ಮೇಲಿನ ಒಂದೇ ಕ್ಯಾಮೆರಾಗೆ ಕಾಣದು. ಎರಡೂ ಮಗ್ಗುಲು ನೋಡುವ, ಅಂದರೆ ಗಾಜಿನ ತಟ್ಟೆಯ ಮೇಲೂ ಕೆಳಗೂ ಕ್ಯಾಮೆರಾ ಇರುವ ಮಾದರಿಯೇ ಜೋಳಕ್ಕೆ ಬೇಕು. ಒಂದು ಎಚ್ಚರಿಕೆ: ಬೂಷ್ಟು ಕಾಣುವುದು ಬೇರೆ, ಅಫ್ಲಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ) ಇರುವುದು ಬೇರೆ. ಧಾನ್ಯಗಳಲ್ಲಿ ಅದರ ಕಾನೂನು ಮಿತಿ ಕೆ.ಜಿ.ಗೆ 15 ಮೈಕ್ರೋಗ್ರಾಂ. ಅಷ್ಟನ್ನು ಯಾವ ಬಣ್ಣದ ಕ್ಯಾಮೆರಾವೂ ಹೇಳದು, ಪ್ರಯೋಗಾಲಯಕ್ಕೇ ಕಳಿಸಬೇಕು.

ಆ್ಯಪ್ ವಿಷಯ. ಮನೆಮಟ್ಟದಲ್ಲಿ ತಿಳಿದುಕೊಳ್ಳಲು ಅಡ್ಡಿಯಿಲ್ಲ. ಹೊಳಪಿಲ್ಲದ ನೀಲಿ ಅಥವಾ ಕಪ್ಪು ಹಾಳೆ, ಮೇಲಿನಿಂದ ಎರಡು ಕಡೆ ಬಿಳಿ ಎಲ್‌ಇಡಿ, ಫ್ಲ್ಯಾಶ್ ಬೇಡ, ಚಿತ್ರವನ್ನು ತಾನೇ ‘ಚೆಂದ’ ಮಾಡುವ ಸೌಲಭ್ಯಗಳೆಲ್ಲ ಬಂದ್. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಎತ್ತರ ಬದಲಾಗದಂತೆ ನೋಡಿ. ಮಾರಾಟದ ದರ ಅದರ ಮೇಲೆ ನಿಲ್ಲುವಂತಿದ್ದರೆ ಬೇಡ.

ಯಾವ ಯಂತ್ರವನ್ನಾದರೂ ಕೊಳ್ಳುವ ಮೊದಲು ಮೂರು ಸುತ್ತಿನ ಪರೀಕ್ಷೆ ಮಾಡಿಸಿ. ಮೊದಲು, ತಟ್ಟೆಯಲ್ಲಿರುವ ಕಾಳನ್ನು ಮುಟ್ಟದೆ ಐದು ಸಲ ಓದಿಸಿ. ಉತ್ತರ ಅಲುಗಿದರೆ ದೋಷ ಬೆಳಕು ಅಥವಾ ಕ್ಯಾಮೆರಾದ್ದು. ಎರಡನೆಯದಾಗಿ, ಅದೇ ಕಾಳನ್ನು ಕಲಕಿ ಮತ್ತೆ ಹರಡಿ ಐದು ಸಲ. ಆಗ ಅಲುಗಿದರೆ ಮಗ್ಗುಲು ಬದಲಾದಾಗ ಯಂತ್ರ ಗೊಂದಲಕ್ಕೆ ಬೀಳುತ್ತಿದೆ. ಮೂರನೆಯದಾಗಿ, ಅದೇ ಚೀಲದ ಐದು ಬೇರೆ ಪಾಲು. ಇಲ್ಲಿ ಬರುವ ಹೆಚ್ಚುವರಿ ಅಲುಗಾಟ ಸಾಂಪಲ್‌ನದ್ದು, ಯಂತ್ರವನ್ನು ಬೈಯಬಾರದು. ಪ್ರದರ್ಶನಕ್ಕೆ ಬಂದವರು ತಮ್ಮದೇ ಡಬ್ಬಿಯ ಕಾಳು ತಂದರೆ ನಯವಾಗಿ ಬದಿಗಿಟ್ಟು ನಿಮ್ಮ ಚೀಲ ಬಿಚ್ಚಿ.

ಪ್ರಶ್ನೆ: ಕಾಫಿ ಬೀಜ ಆರಿಸುವ ಸಾರ್ಟೆಕ್ಸ್ ಯಂತ್ರ ಹಾಕಿದ್ದೇವೆ. ಮೊದಲ ತಿಂಗಳು ಚೆನ್ನಾಗಿತ್ತು. ಈಗ ಕಪ್ಪು ಬೀಜದ ಜೊತೆ ಒಳ್ಳೆಯ ಬೀಜವೂ ರಿಜೆಕ್ಟ್‌ಗೆ ಹೋಗುತ್ತಿದೆ. ಸೆನ್ಸಿಟಿವಿಟಿ ಇಳಿಸಿದರೆ ಕಪ್ಪು ಉಳಿಯುತ್ತದೆ.
— ಸಣ್ಣ ಹಲ್ಲಿಂಗ್ ಘಟಕದವರು, ಗೋಣಿಕೊಪ್ಪ

(ಸಾರ್ಟೆಕ್ಸ್ ಎಂಬುದು ಮೂಲತಃ ಒಂದು ಕಂಪನಿಯ ಹೆಸರು, ಈಗ ಎಲ್ಲ ಬಣ್ಣ ಆರಿಸುವ ಯಂತ್ರಕ್ಕೂ ಅದೇ ಹೆಸರಾಗಿದೆ.) ಸೆನ್ಸಿಟಿವಿಟಿಯನ್ನು ಮುಟ್ಟಬೇಡಿ, ಅದು ಕೊನೆಯದು.

ಬೀಜ ಜಾರುಹಲಗೆಯಿಂದ ಸೆಕೆಂಡಿಗೆ ಮೂರು ಮೀಟರ್‌ಗೂ ಮೀರಿದ ವೇಗದಲ್ಲಿ ಬೀಳುತ್ತಿರುತ್ತದೆ. ಕ್ಯಾಮೆರಾ ಕೆಟ್ಟ ಬೀಜವನ್ನು ಕಂಡ ಮೇಲೆ ಅದು ಗಾಳಿ ನಳಿಕೆಯ ಎದುರು ಬರುವ ಕ್ಷಣಕ್ಕೆ ಸರಿಯಾಗಿ ಗಾಳಿ ಊದಬೇಕು. ಒಂದು ಮಿಲಿಸೆಕೆಂಡ್ ತಪ್ಪಿದರೆ ಬೀಜ 3 ಮಿ.ಮೀ. ಮುಂದೆ ಹೋಗಿರುತ್ತದೆ, ಏಟು ಪಕ್ಕದ ಒಳ್ಳೆಯ ಬೀಜಕ್ಕೆ. ನಿಮ್ಮಲ್ಲಿ ಕಪ್ಪೂ ಉಳಿಯುತ್ತಿದೆ, ಒಳ್ಳೆಯದೂ ಹೋಗುತ್ತಿದೆ. ಎರಡೂ ಒಟ್ಟಿಗೆ ಆದರೆ ಅನುಮಾನ ಬಣ್ಣದ ಮೇಲಲ್ಲ, ಈ ಸಮಯದ ಮೇಲೆ, ಗಾಳಿಯ ಮೇಲೆ.

ಈ ಕ್ರಮದಲ್ಲಿ ನೋಡುತ್ತ ಬನ್ನಿ. ಕ್ಯಾಮೆರಾ ಮುಂದಿನ ಗಾಜು ಒರೆಸಿ. ಕಾಫಿ ಬೀಜಕ್ಕೆ ಅಂಟಿರುವ ತೆಳು ಬೆಳ್ಳಿಪೊರೆ ಹಗುರ, ಸ್ಥಿರ ವಿದ್ಯುತ್ತಿನಿಂದ ಗಾಜಿಗೆ ಅಂಟಿಕೊಳ್ಳುತ್ತದೆ, ಒರೆಸುವ ಬ್ರಷ್ ಸವೆದಿದ್ದರೆ ಗಂಟೆಯೊಳಗೆ ಮಬ್ಬು. ನಂತರ ಕಂಪ್ರೆಸರ್ ಟ್ಯಾಂಕಿನ ನೀರು ಬಿಡಿ. ನಮ್ಮ ತೇವದ ಹವೆಯಲ್ಲಿ ದಿನಕ್ಕೆರಡು ಸಲ ಬಿಡದಿದ್ದರೆ ನೀರು, ಎಣ್ಣೆ ಗಾಳಿ ಊದುವ ಎಜೆಕ್ಟರ್ ಕವಾಟಕ್ಕೆ ಹೋಗಿ ಅದು ನಿಧಾನವಾಗುತ್ತದೆ, ಏರ್ ಡ್ರೈಯರ್ ಇಲ್ಲದ ಘಟಕಗಳಲ್ಲಿ ಇದೇ ಮೊದಲ ಕಾಯಿಲೆ. ಒತ್ತಡದ ಮುಳ್ಳನ್ನು ಯಂತ್ರ ಖಾಲಿ ಇರುವಾಗ ನೋಡಿದರೆ ಸಾಲದು, ಪೂರ್ತಿ ಲೋಡಿನಲ್ಲಿ ನೋಡಿ. ಆಗ ಕುಸಿಯುತ್ತಿದ್ದರೆ ಕಂಪ್ರೆಸರ್ ಚಿಕ್ಕದು ಅಥವಾ ಪೈಪ್ ಸೋರುತ್ತಿದೆ. ಆಮೇಲೆ ಯಂತ್ರದ ಪರೀಕ್ಷಾ ಕ್ರಮದಲ್ಲಿ ನಳಿಕೆಗಳನ್ನು ಒಂದೊಂದಾಗಿ ಊದಿಸಿ ಕಿವಿಗೊಟ್ಟು ಕೇಳಿ. ಟಪ್ ಎನ್ನದೆ ಪುಸ್ ಎಂದದ್ದನ್ನು ಗುರುತು ಹಾಕಿ ಬದಲಿಸಿ.

ಇಷ್ಟೂ ಸರಿಯಿದ್ದರೆ ಫೀಡ್, ಅಂದರೆ ಬೀಜ ಸುರಿಯುವ ವೇಗ, ತಗ್ಗಿಸಿ. ಬೀಜ ಒಂದೇ ಪದರದಲ್ಲಿ ಬೀಳಬೇಕು. ಮತ್ತೆ, ಒಂದೇ ಗಾತ್ರದ್ದನ್ನು ಹಾಕಿ. ಜರಡಿಗೆ ಮೊದಲೇ ಬಣ್ಣ ಆರಿಸಲು ಹೋದರೆ ದಪ್ಪ ಬೀಜದ ಹಿಂದೆ ಸಣ್ಣದು ಅಡಗುತ್ತದೆ. ಕೊನೆಗೆ ತಾಳೆ ನೋಡಿ: ರಿಜೆಕ್ಟ್‌ನಿಂದ ಅರ್ಧ ಕೆ.ಜಿ., ಒಳ್ಳೆಯದರಿಂದ ಅರ್ಧ ಕೆ.ಜಿ. ಕೈಯಲ್ಲಿ ಆರಿಸಿ ತೂಗಿ. ರಿಜೆಕ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಒಳ್ಳೆಯದೇ ಇದ್ದರೆ ಅದನ್ನು ಇನ್ನೊಮ್ಮೆ ಹಾಯಿಸುವುದು ಲಾಭ.

ಬೋರರ್ (ಕಾಯಿಕೊರಕ ಹುಳು) ಮಾಡಿದ ತೂತು ಕ್ಯಾಮೆರಾ ಕಡೆಗಿಲ್ಲದಿದ್ದರೆ ತಪ್ಪಿಸಿಕೊಳ್ಳುತ್ತದೆ, ಅದಕ್ಕೆ ಕೈಯಾರಿಕೆಯ ಮೇಜನ್ನು ಪೂರ್ತಿ ತೆಗೆಯಬೇಡಿ. ನಾತ ಹೊಡೆಯುವ ಸ್ಟಿಂಕರ್ ಬೀಜ ಬರಿಗಣ್ಣಿಗೂ ಒಳ್ಳೆಯದರಂತೆಯೇ ಇರುತ್ತದೆ. ನೇರಳಾತೀತ ಬೆಳಕಿನಲ್ಲಿ ಹೊಳೆಯುವುದನ್ನು ಹಿಡಿಯುವ ಯಂತ್ರಗಳು ಬೇರೆಯೇ ಇವೆ.

ಪ್ರಶ್ನೆ: ರೊಬಸ್ಟಾ ಚೆರಿಯ ಓಟಿಯನ್ನು ಕ್ಯಾಮೆರಾದಿಂದ ಹೇಳಬಹುದೇ? ಬೀಜದ ಗ್ರೇಡ್ ಆದರೂ?
— ಬೆಳೆಗಾರರು, ಸಿದ್ದಾಪುರ

ಓಟಿ, ಅಂದರೆ 50 ಕೆ.ಜಿ. ಚೀಲ ಚೆರಿಯಿಂದ (ಸಿಪ್ಪೆ ಸಹಿತ ಒಣಗಿಸಿದ ಕಾಫಿ ಹಣ್ಣು) ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಲೆಕ್ಕ, ಕ್ಯಾಮೆರಾದಿಂದ ಆಗದು. ಒಣ ಚೆರಿಯ ಸಿಪ್ಪೆಯೊಳಗೆ ಬೀಜ ಎಷ್ಟಿದೆ ಎಂಬುದು ಹೊರಗಿನ ಚಿತ್ರದಲ್ಲಿ ಇಲ್ಲ. ಅದಕ್ಕೆ ತಕ್ಕಡಿಯೇ ಗತಿ. ಹಲವು ಚೀಲದಿಂದ ಬೆರೆಸಿದ ಸಾಂಪಲ್‌ನಲ್ಲಿ 200 ಗ್ರಾಂ ತೂಗಿ, ಸಾಂಪಲ್ ಹಲ್ಲರ್‌ನಲ್ಲಿ ಬಿಡಿಸಿ, ಒಡೆದ ಚೂರು ಸಹಿತ ಬೀಜ ತೂಗಿ. 106 ಗ್ರಾಂ ಬಂದರೆ ಶೇ 53, ಅಂದರೆ 50 ಕೆ.ಜಿ. ಚೀಲಕ್ಕೆ ಓಟಿ 26.5. ತಕ್ಕಡಿ 0.1 ಗ್ರಾಂ ತೋರಿಸುವಂಥದ್ದಿರಲಿ. ಸಿಪ್ಪೆಯ ಜೊತೆ ಚೂರು ಬೀಜ ಹಾರಿಹೋಗುತ್ತಿದೆಯೇ ಎಂದು ಸಿಪ್ಪೆಯನ್ನು ಮೊರದಲ್ಲಿ ಕೇರಿ ನೋಡಿ, ಎರಡು ಗ್ರಾಂ ಹೋದರೆ ಅರ್ಧ ಪಾಯಿಂಟ್ ಹೋದಂತೆ.

ಓಟಿ ಜೊತೆ ತೇವಾಂಶ ಬರೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ರೊಬಸ್ಟಾ ಚೆರಿ ಶೇ 11ಕ್ಕೆ ಒಣಗಬೇಕು. ಶೇ 13 ಇರುವ 50 ಕೆ.ಜಿ. ಚೀಲ 11ಕ್ಕೆ ಬಂದಾಗ 48.9 ಕೆ.ಜಿ. ಕೊಳ್ಳುವವರು ಆ ಒಂದು ಕಿಲೋವನ್ನು ಎಲ್ಲಿ ಕಳೆಯುತ್ತಾರೆ, ಓಟಿಯಲ್ಲೋ ತೂಕದಲ್ಲೋ, ಎರಡರಲ್ಲೂ ಕಳೆಯುತ್ತಿಲ್ಲವೇ ಎಂದು ವಿಚಾರಿಸಿಕೊಳ್ಳಿ.

ಗಾತ್ರದ ಗ್ರೇಡ್ ಕ್ಯಾಮೆರಾದಿಂದ ಆಗುತ್ತದೆ, ಒಂದು ಷರತ್ತಿನ ಮೇಲೆ. ಜರಡಿ ನಂಬರ್ ಎಂದರೆ ಇಂಚಿನ 64ನೇ ಭಾಗಗಳು: 18 ಎಂದರೆ ಸುಮಾರು 7.1 ಮಿ.ಮೀ., 15 ಎಂದರೆ ಸುಮಾರು 6. ದುಂಡು ತೂತಿನಲ್ಲಿ ಬೀಜ ಹಾಯುವುದನ್ನು ತಡೆಯುವುದು ಅದರ ಅಗಲ, ಉದ್ದವಲ್ಲ. ಯಂತ್ರ ವಿಸ್ತೀರ್ಣದಿಂದ ‘ಸರಾಸರಿ ವ್ಯಾಸ’ ತೆಗೆದರೆ ಉದ್ದ ಬೀಜಗಳೆಲ್ಲ ಮೇಲಿನ ಗ್ರೇಡಿಗೆ ಹತ್ತಿಬಿಡುತ್ತವೆ. ಅಗಲವನ್ನೇ ಅಳೆಯುವಂತೆ ಹೊಂದಿಸಿ, ಅದೇ ಸಾಂಪಲ್ಲನ್ನು ಜರಡಿಯಲ್ಲೂ ಹಾಕಿ ತಾಳೆ ನೋಡಿ.

ಪ್ರಶ್ನೆ: ಒಳ್ಳೆಮೆಣಸಿಗೆ?
— ಓದುಗರು, ಮಡಿಕೇರಿ

ಪ್ರಶ್ನೆ ಚಿಕ್ಕದು, ಉತ್ತರವೂ ಹೆಚ್ಚು ಉದ್ದವಿಲ್ಲ. ಕಡ್ಡಿ, ಬೂಷ್ಟು, ಬಿಳಿಚಿದ ಕಾಳು, ಪಿನ್‌ಹೆಡ್ (ಬಲಿಯದ ಪುಟ್ಟ ಕಾಳು) ಇವನ್ನು ಕ್ಯಾಮೆರಾ ಹಿಡಿಯುತ್ತದೆ. ವ್ಯಾಪಾರ ನಡೆಯುವುದು ಲೀಟರ್ ತೂಕದ ಮೇಲೆ, 500 ಗ್ರಾಂನದ್ದೋ 550 ಗ್ರಾಂನದ್ದೋ ಎಂದು. ಪೊಳ್ಳು ಕಾಳು ಗಟ್ಟಿ ಕಾಳಿನ ಬಣ್ಣದಲ್ಲೇ ಇರುವುದರಿಂದ ಅಲ್ಲಿ ಕ್ಯಾಮೆರಾ ಉಪಯೋಗಕ್ಕಿಲ್ಲ, ಗಾಳಿ ಅಥವಾ ಹಗುರ-ಭಾರ ಬೇರ್ಪಡಿಸುವ ಗ್ರಾವಿಟಿ ಟೇಬಲ್ ಬೇಕು. ಲೀಟರ್ ಅಳತೆಯ ಪಾತ್ರೆಗೆ ಒಂದೇ ಎತ್ತರದಿಂದ ಸುರಿದು, ಪಾತ್ರೆ ಅಲುಗಿಸದೆ, ಮೇಲ್ಭಾಗವನ್ನು ಪಟ್ಟಿಯಿಂದ ಒಂದೇ ಬೀಸಿಗೆ ಸವರಿ ತೂಗಿ. ಮೂರು ಸಲ ಮಾಡಿ. ಪಾತ್ರೆ ತಟ್ಟಿದರೆ ಕಾಳು ಕೂತು ತೂಕ ಏರುತ್ತದೆ, ಮಾರುವವರು ತಟ್ಟಿ, ಕೊಳ್ಳುವವರು ತಟ್ಟದೆ ಅಳೆದರೆ ಮಾತು ಮುಗಿಯುವುದೇ ಇಲ್ಲ.

ತೇವಾಂಶ ನೋಡುವಾಗ ಮೆಣಸನ್ನು ಭತ್ತದಂತೆ ಓವನ್‌ಗೆ ಹಾಕಬೇಡಿ. ನೀರಿನ ಜೊತೆ ಅದರ ಸುಗಂಧ ತೈಲವೂ ಹಾರಿಹೋಗಿ, ಹೋದದ್ದೆಲ್ಲ ನೀರೆಂದು ಲೆಕ್ಕಕ್ಕೆ ಬರುತ್ತದೆ. ಮಸಾಲೆ ಪದಾರ್ಥಗಳಿಗೆ ಟೊಲ್ಯೂನ್ ಜೊತೆ ಭಟ್ಟಿ ಇಳಿಸಿ ನೀರನ್ನು ಬೇರೆ ಅಳೆಯುವ ವಿಧಾನ ಇರುವುದು ಇದಕ್ಕೇ. ನಿಮ್ಮ ಮೀಟರ್‌ನ ಮೆಣಸಿನ ಆಯ್ಕೆಯನ್ನು ಯಾವುದಕ್ಕೆ ಹೋಲಿಸಿ ಹೊಂದಿಸಿದ್ದಾರೆ ಎಂದು ಕೊಳ್ಳುವಾಗಲೇ ಬರಹದಲ್ಲಿ ಕೇಳಿ ಪಡೆಯಿರಿ.